ಕರ್ವಾಲೋ ಆಯ್ತು, ಮುಂದೇನು?

ಆಫೀಸಿನಲ್ಲಿ ಯಾರಾದರೂ ‘ಕನ್ನಡದಲ್ಲಿ ಏನಾದ್ರೂ ಓದಬೇಕು, ಒಂದು ಪುಸ್ತಕ ಹೇಳು ಗುರು’ ಅಂದರೆ ನನ್ನ ಬಾಯಿಗೆ ಮೊದಲು ಬರೋದು ‘ಕರ್ವಾಲೋ’. ಯೋಚನೆ ಮಾಡೋದೇ ಇಲ್ಲ. ಪಕ್ಕದ ಸೀಟಿನವನನ್ನು ಕೇಳಿದರೂ ಅದೇ ಉತ್ತರ. ಅದಾದ ಮೇಲೆ ‘ಪರ್ವ’, ಆಮೇಲೆ ‘ಮಲೆಗಳಲ್ಲಿ ಮದುಮಗಳು’. ಈ ಕೊನೆಯದರ ಹೆಸರು ಹೇಳುವವರು ಜಾಸ್ತಿ, ಓದಿ ಮುಗಿಸಿದವರು ಕಡಿಮೆ. ಪುಸ್ತಕಪ್ರೇಮಿಗಳು ನಾಲ್ಕು ಜನ ಸೇರಿದರೆ ನಾಲ್ವರ ಪಟ್ಟಿಯೂ ಹೆಚ್ಚುಕಮ್ಮಿ ಒಂದೇ.

ಹೋದ ವರ್ಷ ನಮ್ಮ ಟೀಮಿಗೆ ಹಾವೇರಿ ಕಡೆಯ ಹುಡುಗನೊಬ್ಬ ಬಂದ. ಅವನೂ ಕೇಳಿದ, ನಾನೂ ಎಂದಿನಂತೆ ‘ಕರ್ವಾಲೋ’ ಕೊಟ್ಟೆ. ಒಂದೇ ವಾರದಲ್ಲಿ ಓದಿ ತಂದುಕೊಟ್ಟ.

‘ಪುಸ್ತಕ ಚಲೋ ಐತ್ರಿ ಸರ. ಖರೇ ಹೇಳ್ರಿ, ನಿಮಗ ಇದು ಯಾಕ ಸೇರತೈತಿ?’

ನಾನು ತೇಜಸ್ವಿ, ಪರಿಸರ, ಹಾಸ್ಯ, ಸರಳ ಭಾಷೆ ಅಂತ ಏನೇನೋ ಹೇಳಿದೆ. ಹೇಳುತ್ತಿದ್ದಾಗಲೇ ಗೊತ್ತಾಯ್ತು, ಇದೆಲ್ಲ ಪುಸ್ತಕದ ಹಿಂಬದಿ ರಕ್ಷಾಪುಟದಲ್ಲಿ ಬರೆಯುವ ಮಾತು. ಹುಡುಗ ತಲೆಯಾಡಿಸಿ ತನ್ನ ಸೀಟಿಗೆ ಹೋದ. ಅವತ್ತು ರಾತ್ರಿ ಕೂತು ‘ಕರ್ವಾಲೋ’ ಮತ್ತೆ ಓದಿದೆ, ಹತ್ತು ವರ್ಷದ ನಂತರ.

1980ರ ಪುಸ್ತಕ. ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವ ಕತೆ ಅಂತ ನಾವೆಲ್ಲ ಹೇಳುತ್ತೇವೆ. ಆದರೆ ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಓತಿಯಲ್ಲ, ಮಂದಣ್ಣ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಪೋಲಿ. ನಿರೂಪಕನಿಗೂ ಹಾಗೇ ಕಾಣುತ್ತಾನೆ. ದೊಡ್ಡ ವಿಜ್ಞಾನಿ ಕರ್ವಾಲೋ ಮಾತ್ರ ಅವನನ್ನು ಸರಿಸಮಾನನಂತೆ ನೋಡುತ್ತಾರೆ, ಯಾಕೆಂದರೆ ಕಾಡು ಅವನಿಗೆ ಗೊತ್ತು. ನಮ್ಮ ದೊಡ್ಡಪ್ಪನೂ ಹಾಗೇ. ಜೇನು ಯಾವ ಕಡೆ ಕಟ್ಟಿದೆ ಅಂತ ಹುಳು ಹಾರುವುದನ್ನು ನೋಡಿಯೇ ಹೇಳುತ್ತಿದ್ದರು. ಮನೆಯಲ್ಲಿ ಅವರಿಗಿದ್ದ ಹೆಸರು ‘ದಂಡಪಿಂಡ’. ಎಂಜಿನಿಯರಿಂಗ್ ಸೀಟು ಸಿಕ್ಕಿದಾಗ ನನಗೂ ಹೇಳಿದ್ದರು: ‘ಓದು, ಇಲ್ಲಾಂದ್ರೆ ನಿಮ್ಮ ದೊಡ್ಡಪ್ಪನ ಥರ ಆಗ್ತೀಯ.’ ನಾನು ಆಗಲಿಲ್ಲ. ಈ ಪುಸ್ತಕ ಯಾಕಿಷ್ಟ ಅನ್ನೋದಕ್ಕೆ ಸರಿಯಾದ ಉತ್ತರ ಇದು. ಆ ಹುಡುಗನಿಗೆ ಇದನ್ನು ಹೇಳಬಹುದಿತ್ತು, ಹೇಳಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ನನಗೆ ನಿಜಕ್ಕೂ ಹತ್ತಿರದ ಪುಸ್ತಕವನ್ನು ನಾನು ಯಾವತ್ತೂ ಯಾರಿಗೂ ಹೇಳಿಯೇ ಇಲ್ಲ ಅನ್ನೋದೂ ಹೊಳೆಯಿತು. ಅದು ಯಶವಂತ ಚಿತ್ತಾಲರ ‘ಶಿಕಾರಿ’. ‘ಕರ್ವಾಲೋ’ಗಿಂತ ಒಂದು ವರ್ಷ ಮೊದಲು, 1979ರಲ್ಲಿ ಬಂದದ್ದು. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು, ಪಾಲಿಮರ್ ವಿಜ್ಞಾನ ಕಲಿತು ಮುಂಬೈನಲ್ಲಿ ಕಂಪನಿ ಕೆಲಸ ಮಾಡಿದವರು. ಕನ್ನಡದಲ್ಲಿ ಕಾರ್ಪೊರೇಟ್ ಜಗತ್ತನ್ನು ಒಳಗಿನಿಂದ ಕಂಡು ಬರೆದವರು ಎಷ್ಟು ಜನ ಇದ್ದಾರೆ ಹೇಳಿ?

ಕತೆ ಸರಳ. ನಾಗಪ್ಪ ಊರು ಬಿಟ್ಟು ಬಂದು ಮುಂಬೈನ ಕೆಮಿಕಲ್ ಕಂಪನಿಯಲ್ಲಿ ದೊಡ್ಡ ಹುದ್ದೆಗೆ ಏರಿದವನು. ಒಂದು ದಿನ ಇದ್ದಕ್ಕಿದ್ದಂತೆ ಅವನನ್ನು ಕೆಲಸದಿಂದ ದೂರ ಇಡುತ್ತಾರೆ. ತಪ್ಪೇನು ಅಂತ ಅವನಿಗೇ ಗೊತ್ತಿಲ್ಲ. ಮೇಲಧಿಕಾರಿ ಫಿರೋಜನ ಆಟವೋ, ಹಳೇ ಪರಿಚಯದ ಶ್ರೀನಿವಾಸನ ಹಗೆಯೋ, ತನ್ನದೇ ಯಾವುದೋ ಮರೆತ ತಪ್ಪೋ? ಮುಂದಿನದೆಲ್ಲ ನಾಗಪ್ಪನ ತಲೆಯೊಳಗಿನ ಓಡಾಟ.

ಐದು ವರ್ಷದ ಹಿಂದೆ ನನ್ನನ್ನೂ ಮ್ಯಾನೇಜರ್ ಒಂದು ಸಣ್ಣ ಮೀಟಿಂಗ್ ರೂಮಿಗೆ ಕರೆದು, ‘ನಿಮ್ಮನ್ನು ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನಿಗೆ ಹಾಕ್ತಿದ್ದೀವಿ’ ಅಂದರು. ಹಿಂದಿನ ರಿವ್ಯೂ ಚೆನ್ನಾಗೇ ಇತ್ತು. ಕಾರಣ ಕೇಳಿದೆ. ಸಿಕ್ಕ ಉತ್ತರದಲ್ಲಿ ಇಂಗ್ಲಿಷ್ ಇತ್ತು, ಕಾರಣ ಇರಲಿಲ್ಲ. ಊರಿಗೆ ಫೋನ್ ಮಾಡಿದಾಗ ಅಮ್ಮ ‘ಕೆಲಸ ಹೆಂಗೈತಪ್ಪಾ?’ ಅಂದರೆ ‘ಚೆನ್ನಾಗಿದೆ’ ಅನ್ನುತ್ತಿದ್ದೆ. ಲಾಗೇ ಇಲ್ಲದ ಬಗ್ ಹುಡುಕುವವನ ಹಾಗೆ ರಾತ್ರಿಯೆಲ್ಲ ಹಳೇ ಮೇಲ್‌ಗಳನ್ನು ತೆಗೆದು ಓದುತ್ತಿದ್ದೆ. ಯಾವ ಮಾತಿಗೆ ಯಾರು ಸಿಟ್ಟಾಗಿರಬಹುದು? ಕ್ಯಾಂಟೀನಿನಲ್ಲಿ ಅವತ್ತು ಅವರು ನಕ್ಕಿದ್ದು ಯಾಕೆ? ‘ಶಿಕಾರಿ’ ಕೈಗೆ ಸಿಕ್ಕಿದ್ದು ಆಗಲೇ.

ಈ ಕಾದಂಬರಿ ಅರ್ಧಕ್ಕೆ ಬಿಟ್ಟವರು ಹೇಳುವ ದೂರು ಒಂದೇ: ‘ಬರೀ ಯೋಚನೆ ಮಾರಾಯ, ಏನೂ ನಡೆಯಲ್ಲ.’ ದೂರು ನಿಜ. ಆದರೆ ಆರೋಪ ಏನು ಅಂತ ತಿಳಿಯದವನ ಮನಸ್ಸು ಹಾಗೇ ಸುತ್ತುತ್ತದೆ, ಒಂದೇ ನೋವನ್ನು ಹತ್ತು ಕಡೆಯಿಂದ ಮುಟ್ಟಿ ನೋಡುತ್ತದೆ. ಚಿತ್ತಾಲರು ಆ ಸುತ್ತಾಟವನ್ನೇ ಕಾದಂಬರಿಯ ನಡಿಗೆ ಮಾಡಿದ್ದಾರೆ. ಇದರಲ್ಲಿ ಎಷ್ಟು ನಿಜವಾದ ಪಿತೂರಿ, ಎಷ್ಟು ನಾಗಪ್ಪನ ಭಯ ಅನ್ನುವುದನ್ನು ಅವರು ಸಲೀಸಾಗಿ ಬಿಡಿಸಿ ಕೊಡುವುದಿಲ್ಲ. ನನಗೂ ಯಾರೂ ಬಿಡಿಸಿ ಹೇಳಲಿಲ್ಲ.

ಹಾಗಂತ ಕಣ್ಣು ಮುಚ್ಚಿ ಹೊಗಳಲಾರೆ. ನಡುವೆ ಕೆಲವು ಪುಟಗಳು ನಿಜಕ್ಕೂ ಎಳೆದಾಡುತ್ತವೆ. ಹೆಂಗಸರು ಹೆಚ್ಚಿನ ಕಡೆ ನಾಗಪ್ಪನ ಆಸೆ ಅಥವಾ ಸಮಾಧಾನದ ಕನ್ನಡಿಯಾಗಿ ಬರುತ್ತಾರೆ, ತಮ್ಮದೇ ಯೋಚನೆ ಇರುವ ಮನುಷ್ಯರಾಗಿ ಕಡಿಮೆ. ತನ್ನ ಗಾಯವನ್ನು ಅಷ್ಟು ನೋಡಿಕೊಳ್ಳುವ ನಾಗಪ್ಪ ಬೇರೆಯವರ ಗಾಯವನ್ನೂ ಇನ್ನಷ್ಟು ನೋಡಬಾರದಿತ್ತೇ ಅನಿಸುತ್ತದೆ. ಇದೇ ಮಾತು ನನಗೂ ಅನ್ವಯಿಸುತ್ತದೆ ಅಂತ ಗೊತ್ತಾದದ್ದು ತಡವಾಗಿ. ನಾನಿದ್ದ ಪಟ್ಟಿಯಲ್ಲೇ ಇನ್ನೂ ಮೂವರಿದ್ದರು. ನಾನು ಒಬ್ಬರ ಹತ್ತಿರವೂ ಹೋಗಿ ಮಾತಾಡಿರಲಿಲ್ಲ.

‘ಕರ್ವಾಲೋ’ ಕೊಟ್ಟರೆ ಕೊಟ್ಟವನು ರಸಿಕ ಅನ್ನಿಸಿಕೊಳ್ಳುತ್ತಾನೆ. ‘ಶಿಕಾರಿ’ ಕೊಟ್ಟರೆ ‘ಇದನ್ನ ಯಾಕೆ ಓದಿದಿರಿ?’ ಅನ್ನುವ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಹೆದರಿ ನಾನು ಇಷ್ಟು ವರ್ಷ ಸುರಕ್ಷಿತವಾದ ಪುಸ್ತಕವನ್ನೇ ಹಂಚಿದೆ. ಇದರಲ್ಲಿ ತೇಜಸ್ವಿಯವರ ತಪ್ಪೇನಿಲ್ಲ. ಅವರ ಪುಸ್ತಕವನ್ನು ಪಾಸ್‌ವರ್ಡ್ ಮಾಡಿಕೊಂಡದ್ದು ನಾವು.

ಈ ಏಪ್ರಿಲ್‌ನಲ್ಲಿ ಹಾವೇರಿ ಹುಡುಗ ಊಟಕ್ಕೆ ಒಬ್ಬನೇ ಹೋಗತೊಡಗಿದ. ಮಾತು ಕಡಿಮೆಯಾಯ್ತು. ಆ ಸಣ್ಣ ಮೀಟಿಂಗ್ ರೂಮಿನಿಂದ ಅವನು ಹೊರಬರುವುದನ್ನು ನೋಡಿದ್ದೆ. ಮರುದಿನ ನನ್ನ ‘ಶಿಕಾರಿ’ಯನ್ನು ಅವನ ಕೀಬೋರ್ಡ್ ಪಕ್ಕ ಇಟ್ಟು, ಟೀ ಕುಡಿಯೋಕೆ ಕರೆದೆ. ಪುಸ್ತಕದ ಬಗ್ಗೆ ಎರಡೇ ಮಾತು ಹೇಳಿದೆ, ನನ್ನ ಬಗ್ಗೆ ಒಂದು ಗಂಟೆ. ಇಂಥದ್ದನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಈಗ ಅವನು ಬೇರೆ ಕಂಪನಿಯಲ್ಲಿದ್ದಾನೆ. ಪುಸ್ತಕ ವಾಪಸ್ ಬಂದಿಲ್ಲ. ಮೊನ್ನೆ ಒಂದು ಮೆಸೇಜ್ ಬಂತು: ‘ಅರ್ಧ ಆಗೈತ್ರಿ ಸರ. ನಾಗಪ್ಪನ ಮ್ಯಾಲೆ ಸಿಟ್ಟು ಬರ್ತೈತಿ.’ ಬರಲಿ ಬಿಡಿ. ಸಿಟ್ಟು ಬಂದರೂ ಓದುತ್ತಿದ್ದಾನಲ್ಲ.

ನಿಮ್ಮ ಪಟ್ಟಿಯನ್ನೂ ಹೇಳಿ. ಆದರೆ ಪ್ರತಿ ಹೆಸರಿನ ಮುಂದೆ, ಹೇಳೋಕೆ ಸ್ವಲ್ಪ ಮುಜುಗರವಾದರೂ ಪರವಾಗಿಲ್ಲ, ಯಾಕೆ ಅಂತ ಒಂದು ಸಾಲು ಸೇರಿಸಿ.