ಕಣಜವೂ ಔಚಿತ್ಯವೂ

ಕಲೋತ್ಸವಗಳಿಗೆ ಒಂದೊಂದು ವಸ್ತುವನ್ನು ಆರಿಸಿಕೊಳ್ಳುವುದು ಈಚೆಗೆ ಎಲ್ಲೆಡೆಯೂ ರೂಢಿಯಾಗಿದೆ. ಬಹುಮಟ್ಟಿಗೆ ಅದು ಆಹ್ವಾನಪತ್ರಿಕೆಯ ಅಲಂಕಾರ. ಜರ್ಮನಿಯ ಕಾಸೆಲ್ ನಗರದಲ್ಲಿ 2022ರಲ್ಲಿ ನಡೆದ ಹದಿನೈದನೆಯ ‘ಡಾಕ್ಯುಮೆಂಟಾ’ ಮಹಾಪ್ರದರ್ಶನದ ವಸ್ತು ಮಾತ್ರ ಹಾಗಾಗಲಿಲ್ಲ. ನಾನು ಕಾಸೆಲ್ ಕಂಡವನಲ್ಲ. ಚಿತ್ರಗಳನ್ನು ಅಚ್ಚಿನಲ್ಲಿ ನೋಡಿ, ವಾದವಿವಾದಗಳನ್ನು ಓದಿ ಬರೆಯುತ್ತಿದ್ದೇನೆ. ಆದ್ದರಿಂದ ಕೃತಿಗಳ ರಚನಾಗುಣದ ಮಾತು ಇಲ್ಲಿಲ್ಲ. ವಸ್ತುವಿನ ಔಚಿತ್ಯವಷ್ಟೇ ನನ್ನ ವಿಷಯ.

ಐದು ವರ್ಷಕ್ಕೊಮ್ಮೆ ನೂರು ದಿನ ನಡೆಯುವ ಈ ಉತ್ಸವದ ಹೊಣೆಯನ್ನು ಆ ಬಾರಿ ಜಕಾರ್ತದ ‘ರುಆಂಗ್‌ರುಪಾ’ ಎಂಬ ಕಲಾವಿದರ ಬಳಗಕ್ಕೆ ವಹಿಸಿದ್ದರು. ಅವರು ಆರಿಸಿದ ವಸ್ತು ‘ಲುಂಬುಂಗ್’. ಇಂಡೋನೇಷ್ಯದ ಹಳ್ಳಿಗಳಲ್ಲಿ ಸುಗ್ಗಿಯ ಹೆಚ್ಚುವರಿ ಭತ್ತವನ್ನು ಊರೊಟ್ಟಿಗೆ ಕೂಡಿಡುವ ಉಗ್ರಾಣಕ್ಕೆ ಆ ಹೆಸರು. ನಾವಾದರೆ ‘ಕಣಜ’ ಎನ್ನುತ್ತೇವೆ. ಹಣವನ್ನು ಒಟ್ಟಿಗೆ ಹಾಕಿ, ‘ಮಜಲಿಸ್’ ಸೇರಿ (ನಮ್ಮಲ್ಲೂ ಓಡಾಡುವ ಅರಬ್ಬೀ ಶಬ್ದವೇ) ಹಂಚಿಕೊಳ್ಳುವುದು. ಕರೆಸಿಕೊಂಡ ಬಳಗವೇ ಮತ್ತೊಂದು ಬಳಗವನ್ನು ಕರೆಯುವುದು. ಹೀಗೆ ಸಾವಿರಕ್ಕೂ ಮಿಕ್ಕಿ ಕಲಾವಿದರು ಕೂಡಿದರು. ಒಬ್ಬ ಪಂಡಿತನ ಅಭಿರುಚಿಗೆ ಜಗತ್ತಿನ ಕಲೆಯೆಲ್ಲ ತಲೆಬಾಗಬೇಕೆಂಬ ಪದ್ಧತಿಗಿಂತ ಇದು ಉದಾತ್ತವಾದದ್ದೆಂದೇ ನನ್ನ ಮತ. ಆದರೆ ರೈತನು ಕಣಜಕ್ಕೆ ತುಂಬುವ ಮೊದಲು ಕಾಳನ್ನು ತೂರಿ, ಕೇರಿ, ಜಳ್ಳನ್ನು ಬೇರೆ ಮಾಡುತ್ತಾನೆ. ಕಾಸೆಲ್ಲಿನಲ್ಲಿ ಮೊರ ಹಿಡಿಯುವುದು ಯಾರ ಕೆಲಸವೂ ಆಗಿರಲಿಲ್ಲ.

ಜೂನ್ 18ರಂದು ಉತ್ಸವ ಆರಂಭವಾಯಿತು. ನಗರದ ಮುಖ್ಯ ಚೌಕದಲ್ಲಿ ‘ಟಾರಿಂಗ್ ಪಾಡಿ’ ಎಂಬ ಯೋಗ್ಯಕರ್ತದ ಬಳಗ ‘ಜನರ ನ್ಯಾಯ’ವೆಂಬ ಬೃಹತ್ ಚಿತ್ರಪಟವನ್ನು ಎತ್ತಿ ನಿಲ್ಲಿಸಿತ್ತು. ಬಳಗದ ಹೆಸರಿನ ಅರ್ಥ ಭತ್ತದ ತೆನೆಯ ಮುಳ್ಳು, ಮೈಗೆ ತಾಗಿದರೆ ತುರಿಸುವಂಥದು. ಪಟ 2002ರಲ್ಲಿ ಬರೆದದ್ದು. ಅದರ ಸಿಟ್ಟು ಸುಹಾರ್ತೋ ಆಳ್ವಿಕೆಯ ಮೇಲೆ, ಆ ಆಳ್ವಿಕೆಗೆ ಬೆನ್ನು ಕೊಟ್ಟ ಪರದೇಶಗಳ ಮೇಲೆ. 1965-66ರ ಹತ್ಯಾಕಾಂಡದಲ್ಲಿ ಲಕ್ಷಗಟ್ಟಲೆ ಜನ ಸತ್ತ ನಾಡಿನ ಸಿಟ್ಟು ಅದು, ನ್ಯಾಯವಾದದ್ದು. ಆದರೆ ನೂರಾರು ಆಕೃತಿಗಳ ನಡುವೆ ಎರಡು ಆಕೃತಿಗಳಿದ್ದವು: ಹಂದಿಮೋರೆಯ ಸೈನಿಕನೊಬ್ಬ, ಕೊರಳಲ್ಲಿ ದಾವೀದನ ನಕ್ಷತ್ರ; ಕೋರೆಹಲ್ಲು, ಕಿವಿಯ ಪಕ್ಕ ಇಳಿಬಿಟ್ಟ ಕೂದಲಿನ ಮತ್ತೊಬ್ಬ, ಟೋಪಿಯ ಮೇಲೆ ಹಿಟ್ಲರನ ಎಸ್.ಎಸ್. ಪಡೆಯ ಗುರುತು. 20ರಂದು ಪಟಕ್ಕೆ ಕಪ್ಪುಬಟ್ಟೆ ಹೊದಿಸಿದರು. ಮರುದಿನ ಇಳಿಸಿಯೇ ಬಿಟ್ಟರು. ಜುಲೈ ತಿಂಗಳಲ್ಲಿ ಉತ್ಸವದ ಆಡಳಿತ ನಿರ್ದೇಶಕಿ ಸಬೀನೆ ಶೋರ್ಮನ್ ಹುದ್ದೆ ಬಿಟ್ಟರು.

ಕಲಾವಿದರು ಮೊದಲು ಕೊಟ್ಟ ಸಮಾಧಾನ, ಈ ಸಂಕೇತಗಳೆಲ್ಲ ತಮ್ಮ ನಾಡಿನ ರಾಜಕೀಯಕ್ಕೆ ಸಂಬಂಧಪಟ್ಟವು ಎಂದು. ಬಳಿಕ ಕ್ಷಮೆ ಕೇಳಿದರು. ಮೊದಲನೆಯ ಮಾತು ನಿಲ್ಲತಕ್ಕದ್ದಲ್ಲ. ಕೋರೆಹಲ್ಲಿನ ಯೆಹೂದಿ ಜಾವಾದ ಗದ್ದೆಯಲ್ಲಿ ಬೆಳೆದವನಲ್ಲ. ಅವನು ಯುರೋಪಿನಲ್ಲೇ ಹುಟ್ಟಿ, ಅಲ್ಲಿನ ಅಚ್ಚುಮನೆಗಳಲ್ಲೇ ಬೆಳೆದು, ಲೋಕ ಸುತ್ತಿ ಇಂಡೋನೇಷ್ಯವನ್ನು ತಲುಪಿದವನು. ಆಳಿಸಿಕೊಂಡವರು ಆಳಿದವರ ಹಗೆಯನ್ನೂ ಕಡ ತಂದಿದ್ದರು. ತಮ್ಮ ಸಂಕಟ ಹೇಳಲು ಅದನ್ನೇ ಬಳಸಿ, ತಮ್ಮದೇ ಎಂದು ನಂಬಿದ್ದರು. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ದುಃಖದ ಸಂಗತಿ ಇದೇ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯದ ನೆಲೆಗಳನ್ನು ಎಣಿಸುವಾಗ ದೇಶವನ್ನೂ ಕಾಲವನ್ನೂ ಸೇರಿಸಿದ. ಎಂ.ಎ. ತರಗತಿಯಲ್ಲಿ ಇದನ್ನು ಪಾಠ ಹೇಳುವಾಗ ಹುಡುಗರು ಆಕಳಿಸುವುದುಂಟು. ‘ಲುಂಬುಂಗ್’ ಎಂಬ ಮಾತಿಗೆ ಜಾವಾದಲ್ಲಿರುವ ಅರ್ಥ ಕಾಸೆಲ್ಲಿನಲ್ಲಿ ಇರಬಹುದು, ಇರದಿರಬಹುದು. ಆದರೆ ಕಣಜ ಕಟ್ಟುವ ನೆಲ ಎಂಥದೆಂದು ಕಟ್ಟುವವನು ಕೇಳಬೇಕು. ಯೆಹೂದಿಗಳನ್ನು ಕೊಲ್ಲುವ ಮುನ್ನ ಅವರನ್ನು ಹೀಗೆಯೇ ಚಿತ್ರಿಸಿದ ದೇಶ ಅದು.

ಹಾಗೆಂದು ಆತಿಥೇಯರಿಗೆ ಪೂರ್ಣ ಅಂಕ ಕೊಡಲಾರೆ. ಹಿಟ್ಲರನ ಸರ್ಕಾರ 1937ರಲ್ಲಿ ಮ್ಯೂನಿಕ್ಕಿನಲ್ಲಿ ‘ಅಧಃಪತಿತ ಕಲೆ’ಯೆಂದು ಹೀಯಾಳಿಸಿ ಪ್ರದರ್ಶಿಸಿದ ನವ್ಯಕಲೆಗೆ ಮರಳಿ ಮರ್ಯಾದೆ ಕೊಡಲು 1955ರಲ್ಲಿ ಆರ್ನಾಲ್ಡ್ ಬೋಡೆ ಈ ಉತ್ಸವ ಸ್ಥಾಪಿಸಿದ. ಅವನ ಬಲಗೈಯಾಗಿದ್ದ ಕಲಾಚರಿತ್ರಕಾರ ವೆರ್ನರ್ ಹಾಫ್ಟ್‌ಮನ್ ಸ್ವತಃ ನಾಜಿ ಪಕ್ಷದ ಸದಸ್ಯನಾಗಿದ್ದನೆಂಬುದು ವ್ಯಾಪಕವಾಗಿ ತಿಳಿದದ್ದು ತೀರ ಈಚೆಗೆ. ತನ್ನ ಮನೆಯ ಕಣಜವನ್ನೇ ಅರವತ್ತು ವರ್ಷ ಕೇರದವರು ಪರಸ್ಥಳದವರ ಕಾಳಿನಲ್ಲಿ ಕಲ್ಲು ಕಂಡೊಡನೆ ಚೀಲವನ್ನೇ ಬೀದಿಗೆಸೆದರು. ಮೇ ತಿಂಗಳಿನಲ್ಲೇ ಈ ಕುರಿತು ಸಾರ್ವಜನಿಕ ಚರ್ಚೆಗಳು ನಡೆಯಬೇಕಿತ್ತು, ಅವು ರದ್ದಾದವು. ಮಾತಿಗೆ ಅವಕಾಶವಿದ್ದಾಗ ಮಾತಿಲ್ಲ, ಆಮೇಲೆ ಬಟ್ಟೆ. ಪಟವನ್ನು ಉಳಿಸಿ ವಿವರಿಸಬೇಕಿತ್ತೆಂದು ನಾನು ಹೇಳುವುದಿಲ್ಲ. ಆ ಎರಡು ಆಕೃತಿಗಳನ್ನು ಊರ ಚೌಕದಲ್ಲಿ ದಿನವೂ ನೋಡಬೇಕಾಗಿದ್ದವರ ಕಷ್ಟ ನನ್ನದಲ್ಲ. ಆದರೆ ಇಳಿಸುವ ಮುನ್ನ ಬರೆದವರನ್ನೂ ನೊಂದವರನ್ನೂ ಆ ಪಟದ ಕೆಳಗೆ ಒಟ್ಟಿಗೆ ಕೂರಿಸುವ ಒಂದು ದಿನವಾದರೂ ‘ಮಜಲಿಸ್’ ಎಂಬ ಶಬ್ದಕ್ಕೆ ಸಲ್ಲಬೇಕಿತ್ತು.

ಇದಾದ ಮೇಲೆ ಆ ನಗರದಲ್ಲಿ ಅಂಜಿಕೆಯೇ ಮೊರ ಹಿಡಿಯಿತು. ಹದಿನಾರನೆಯ ಉತ್ಸವಕ್ಕೆ ನಿರ್ದೇಶಕರನ್ನು ಹುಡುಕುವ ಸಮಿತಿಯಲ್ಲಿ ನಮ್ಮ ಮುಂಬಯಿಯ ಕವಿ ರಣಜಿತ್ ಹೊಸಕೋಟೆಯವರಿದ್ದರು. 2019ರಲ್ಲಿ ಅವರು ಮನವಿಯೊಂದಕ್ಕೆ ಹಾಕಿದ್ದ ಸಹಿಯನ್ನು ಜರ್ಮನ್ ಪತ್ರಿಕೆಯೊಂದು ಎತ್ತಿ ಆಡಿತು. 2023ರ ನವೆಂಬರಿನಲ್ಲಿ ಅವರು ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ ಸಮಿತಿಯಲ್ಲಿ ಉಳಿದವರೂ ಎದ್ದು ಹೋದರು.