ಗಂಟಿನಲ್ಲಿ ಹಿಡಿಸದ ಮನೆ

ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ, ತೊಗರಿ ರಾಶಿ ಮುಗಿಸಿದ ಮೇಲೆ ಜೇವರ್ಗಿ ಸೀಮೆಯ ಇಜೇರಿಯಂಥ ಊರುಗಳಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ. ಮೂಲೆಯಲ್ಲಿ ಮಡಚಿಟ್ಟ ಚೀಲಗಳು ಹೊರಬರುತ್ತವೆ. ಕೌದಿಗಳು ಬಿಸಿಲಿಗೆ ಬೀಳುತ್ತವೆ. ನಸುಕಿನಲ್ಲೇ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಎಲ್ಲಿಗೆ ಎಂದು ಕೇಳಿದರೆ ‘ದುಡ್ಯಾಕ ಹೊಂಟೀವಿ’ ಎನ್ನುತ್ತಾರೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದು, ಊರಿನ ಹೆಸರು ಆಮೇಲೆ ಬರುತ್ತದೆ. ಪತ್ರಿಕೆಗಳು ಇದನ್ನು ಗುಳೆ ಎಂದು ಕರೆದು, ಬಡತನದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತವೆ. ಬಡತನ ನಿಜ. ಆದರೆ ಇದು ವರ್ಷಕ್ಕೆರಡು ಸಲ ಒಂದು ಮನೆಯನ್ನೇ ಎತ್ತಿ ಸಾಗಿಸುವ ವಿದ್ಯೆಯೂ ಹೌದು. ಆ ವಿದ್ಯೆಯಲ್ಲಿ ಗಟ್ಟಿ ಯಾವುದು, ಜಳ್ಳು ಯಾವುದು ಎಂದು ಯಾರೂ ತೂರಿ ನೋಡಿಲ್ಲ.

ಮೊದಲು ಗಟ್ಟಿಯನ್ನು ಹೇಳುತ್ತೇನೆ. ಮನೆ ಬದಲಿಸುವ ನಗರವಾಸಿಗಳಿಗೆ ಇಂದು ಬುದ್ಧಿಮಾತಿಗೆ ಬರವಿಲ್ಲ: ಬೇಡದ್ದನ್ನು ಕಳೆಯಿರಿ, ಪೆಟ್ಟಿಗೆಗೆ ನಂಬರು ಹಾಕಿ, ಮೊದಲ ರಾತ್ರಿಗೆ ಬೇಕಾದದ್ದನ್ನು ಬೇರೆ ಇಡಿ. ಇಜೇರಿ ಕಡೆಯ ಹೆಣ್ಣುಮಗಳು ಇದನ್ನೆಲ್ಲ ಅತ್ತೆ, ಅವ್ವಂದಿರ ಕೈ ನೋಡಿ ಕಲಿತಿದ್ದಾಳೆ. ಕೊಡದೊಳಗೆ ಚರಿಗೆ, ಚರಿಗೆಯೊಳಗೆ ಲೋಟ. ಒಡೆಯುವಂಥದ್ದಕ್ಕೆ ಕೌದಿಯೇ ಹೊದಿಕೆ. ಹಂಚು, ಜೋಳದ ಹಿಟ್ಟು, ಖಾರ ಒಂದೇ ಚೀಲದಲ್ಲಿ, ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ ಎಲ್ಲದರ ಮೇಲೆ. ರಾತ್ರಿ ಎಷ್ಟೊತ್ತಿಗೆ ಇಳಿದರೂ, ಒಲೆ ಹೂಡುವ ಮೊದಲೇ ಮಕ್ಕಳ ಬಾಯಿಗೆ ತುತ್ತು ಸಿಗಬೇಕು ಎಂಬುದು ಆ ಜೋಡಣೆಯ ಸೂತ್ರ. ಒಬ್ಬೊಬ್ಬರ ತಲೆ, ಕಂಕುಳು, ಕೈ ಹೊರಬಲ್ಲಷ್ಟೇ ಗಂಟು. ಬಸ್ಸಿನಿಂದ ರೈಲಿಗೆ, ರೈಲಿನಿಂದ ಟೆಂಪೋಗೆ ಹತ್ತಿಸುವವರೂ ಅವರೇ ತಾನೆ.

ಬಿಟ್ಟುಹೋಗುವುದರಲ್ಲೂ ಅಷ್ಟೇ ಅಚ್ಚುಕಟ್ಟು. ಜೋಳಕ್ಕೆ ಬೇವಿನ ಎಲೆ ಸೇರಿಸಿ ಬಾಯಿ ಕಟ್ಟುತ್ತಾರೆ. ಆಡು ಇದ್ದರೆ ನಂಟರಿಗೆ ಪಾಲಿಗೆ ಕೊಡುತ್ತಾರೆ. ಕೀಲಿಕೈ ಮುದುಕಿಯ ಸೊಂಟಕ್ಕೆ. ಸಾಮಾನು ಸಾಗಿಸುವ ಮಟ್ಟಿಗೆ ಈ ಯೋಜನೆಯಲ್ಲಿ ತಪ್ಪು ಹುಡುಕಲು ನನಗೆ ಆಗಿಲ್ಲ.

ತೊಡಕಿರುವುದು ಬೇರೆ ಕಡೆ. ನಗರದ ಬುದ್ಧಿಮಾತುಗಳೆಲ್ಲ ಹೋಗುವ ಮನೆಯ ವಿಳಾಸ ಗೊತ್ತಿದೆ ಎಂದು ನಂಬಿ ಹುಟ್ಟಿದವು. ಗುಳೆ ಹೋಗುವವರಿಗೆ ವಿಳಾಸವೆಂದರೆ ಮೇಸ್ತ್ರಿಯ ಫೋನ್ ನಂಬರು. ಎಲ್ಲಿ ಇಳಿಯಬೇಕು, ತಗಡಿನ ಶೆಡ್ಡೋ ತಾಡಪತ್ರಿಯೋ, ನೀರು ಎಷ್ಟು ದೂರ ಎಂಬುದು ತಲುಪಿದ ಮೇಲೆಯೇ ತಿಳಿಯುತ್ತದೆ. ಮೊದಲೇ ಮುಂಗಡ ಹಿಡಿದಿದ್ದರೆ ಅಲ್ಲಿ ಸರಿಯಿಲ್ಲವೆಂದು ತಿರುಗಿ ಬರುವ ದಾರಿಯೂ ಇಲ್ಲ. ಈ ಸಾಗಾಟದ ಆತಂಕವೆಲ್ಲ ಇಲ್ಲೇ ಇದೆ. ಕೂಲಿ ಎಷ್ಟು, ವಸ್ತಿ ಎಲ್ಲಿ, ಮುಂಗಡ ಹೇಗೆ ಮುರಿಯುತ್ತಾರೆ ಎಂಬ ಮೂರು ಮಾತನ್ನು ಹೊರಡುವ ಮೊದಲು ಒಂದು ಹಾಳೆಯಲ್ಲಿ ಬರೆಸಿ, ಒಂದು ಪ್ರತಿಯನ್ನು ಊರಲ್ಲಿ ಉಳಿದವರ ಕೈಗೆ ಕೊಡುವ ರೂಢಿ ಬೆಳೆಯಬೇಕು.

ಎರಡನೆಯ ಕೊರತೆ ಕಾಗದಪತ್ರದ್ದು. ಸೌಟನ್ನು ಮರೆಯದ ಮನೆ ರೇಷನ್ ಕಾರ್ಡನ್ನು ಊರಲ್ಲೇ ಬಿಡುತ್ತದೆ, ಅದು ಹೊರಗೆ ನಡೆಯುವುದಿಲ್ಲ ಎಂಬ ಹಳೆಯ ನಂಬಿಕೆಯಿಂದ. ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಕರ್ನಾಟಕ ಮತ್ತು ಮಹಾರಾಷ್ಟ್ರ ಎರಡೂ 2020ರ ಜನವರಿಯ ಹೊತ್ತಿಗೇ ಸೇರಿವೆ. ಆಹಾರ ಭದ್ರತಾ ಕಾಯ್ದೆಯ ಕಾರ್ಡು ಇದ್ದವರು ಕಾರ್ಡಿನ ಇಲ್ಲವೆ ಆಧಾರ್ ನಂಬರು ಹೇಳಿ, ಹೆಬ್ಬೆಟ್ಟು ಒತ್ತಿ, ಪುಣೆಯ ಅಂಗಡಿಯಲ್ಲೂ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಊರಲ್ಲಿ ಉಳಿದ ಮುದುಕರು ಉಳಿದ ಪಾಲನ್ನು ಇಲ್ಲೇ ಎತ್ತಬಹುದು. ಅಂದರೆ ಕಾರ್ಡು ಯಾರ ಬಳಿ ಇರಬೇಕು ಎಂಬ ಜಗಳಕ್ಕೇ ಅರ್ಥವಿಲ್ಲ. ಕಾರ್ಡು ಮುದುಕಿಯ ಬಳಿ ಇರಲಿ, ನಂಬರು ಸೊಸೆಯ ಬಳಿ ಇರಲಿ. ಬಸುರಿ, ಬಾಣಂತಿ ಇದ್ದರೆ ತಾಯಿ ಕಾರ್ಡು ಮಾತ್ರ ಗಂಟಿನಲ್ಲಿ ಇರಲೇಬೇಕು. ಹಾಕಿಸಿದ ಲಸಿಕೆ ಯಾವುದು, ಹಾಕಿಸಬೇಕಾದದ್ದು ಯಾವುದು ಎಂದು ಬೇರೆ ಊರಿನ ನರ್ಸಮ್ಮನಿಗೆ ಹೇಳುವುದು ಅದೇ. ಕಟ್ಟಡದ ಕೆಲಸಕ್ಕೆ ಹೋಗುವವರು ವರ್ಷದಲ್ಲಿ 90 ದಿನ ದುಡಿದ ದಾಖಲೆಯನ್ನು ಬರೆಸಿಕೊಂಡರೆ ಕಾರ್ಮಿಕ ಮಂಡಳಿಯಲ್ಲಿ ನೋಂದಾಯಿಸಬಹುದು. ಬೆವರು ಹರಿಸಿಯೂ ಆ ಚೀಟಿ ಇಲ್ಲದೆ ಮರಳಿ ಬರುವವರು ಬಹಳ.

ಮೂರನೆಯದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಮಾತು. ಹೊಲದ ಪಂಚಾಂಗ ಮತ್ತು ಶಾಲೆಯ ಪಂಚಾಂಗ ಕೂಡುವುದಿಲ್ಲ. ತೊಗರಿ ಜನವರಿಗೆ ಮುಗಿಯುತ್ತದೆ, ಪರೀಕ್ಷೆ ಬರುವುದು ಮಾರ್ಚಿಗೆ. ನಡುವಿನ ಎರಡು ತಿಂಗಳಲ್ಲಿ ಮಗುವಿನ ವರ್ಷವೇ ಕಳೆದುಹೋಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮಗು ಯಾವ ಕಾರಣಕ್ಕೆ ಬೇರೆ ಊರಿಗೆ ಹೋದರೂ ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು, ಪತ್ರ ತಡವಾಯಿತೆಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ವಲಸೆ ಬಂದ ಮಕ್ಕಳ ದಾಖಲಾತಿ ಸ್ಥಳೀಯ ಆಡಳಿತದ ಕರ್ತವ್ಯವೆಂದು 9ನೇ ಸೆಕ್ಷನ್ ಹೇಳುತ್ತದೆ. ಕಾಯ್ದೆ ಒಳ್ಳೆಯದೇ. ಆದರೆ ಕನ್ನಡದಲ್ಲಿ ಓದುತ್ತಿದ್ದ ಮಗುವನ್ನು ಫೆಬ್ರುವರಿಯಲ್ಲಿ ಮರಾಠಿ ತರಗತಿಯಲ್ಲಿ ಕೂಡಿಸಿದರೆ ಅದು ಹೆಸರಿಗಷ್ಟೇ ದಾಖಲಾತಿ. ಅದಕ್ಕೇ ತಂದೆತಾಯಿ ಹೋದ ತಿಂಗಳುಗಳಲ್ಲಿ ಮಕ್ಕಳನ್ನು ಊರಿನಲ್ಲೇ ಇಟ್ಟು ಓದಿಸುವ ಋತುಮಾನದ ವಸತಿ ವ್ಯವಸ್ಥೆಯೇ ಹೆಚ್ಚು ಸರಿ ಎಂಬುದು ನನ್ನ ನಿಲುವು. ಆದರೆ ಅದು ಎಳ್ಳಮಾಸಿಗೆ ಮೊದಲೇ ಬಾಗಿಲು ತೆರೆದಿರಬೇಕು. ಗಂಟು ಕಟ್ಟಿ ಮುಗಿದ ಮೇಲೆ ಬಂದ ವ್ಯವಸ್ಥೆಗೆ ಯಾವ ತಾಯಿಯೂ ಮಗುವನ್ನು ಬಿಡುವುದಿಲ್ಲ.

ಮೊದಲೇ ಯೋಚಿಸದ ಸಾಗಾಟದ ಬೆಲೆ ಎಷ್ಟೆಂದು 2020 ತೋರಿಸಿತು. ಮಾರ್ಚ್ 25ಕ್ಕೆ ಕೊರೊನಾ ಕಾರಣಕ್ಕೆ ದೇಶ ಬಾಗಿಲು ಹಾಕಿದಾಗ ಈ ಸೀಮೆಯ ಕುಟುಂಬಗಳು ಮಹಾರಾಷ್ಟ್ರದ ಶೆಡ್ಡುಗಳಲ್ಲಿ ಸಿಕ್ಕಿಬಿದ್ದವು. ಮರಳಿದವರು ತಮ್ಮೂರ ಕಡೆಯ ಶಾಲೆ, ವಸತಿನಿಲಯಗಳಲ್ಲಿ ದಿನಗಟ್ಟಲೆ ಕಾದರು. ಯಾರು ಎಲ್ಲಿದ್ದಾರೆ ಎಂಬ ಲೆಕ್ಕ ಯಾವ ಪಂಚಾಯತಿಯ ಪುಸ್ತಕದಲ್ಲೂ ಇರಬೇಕಾದಂತೆ ಇರಲಿಲ್ಲ. ಹೊರಡುವ ಮನೆಗಳ ಹೆಸರು, ಹೋಗುವ ಜಾಗ, ಮೇಸ್ತ್ರಿಯ ನಂಬರು, ಜತೆಗೆ ಹೋಗುವ ಮತ್ತು ಊರಲ್ಲಿ ಉಳಿಯುವ ಮಕ್ಕಳು, ಮುದುಕರು, ಇಷ್ಟನ್ನು ಡಿಸೆಂಬರಿನಲ್ಲಿ ಒಂದು ವಹಿಯಲ್ಲಿ ಬರೆದಿಡಲು ಹೊಸ ಯೋಜನೆಯಾಗಲಿ, ಹಣವಾಗಲಿ ಬೇಕಿಲ್ಲ. ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಯಾವ ಮನೆ ಹೊರಟಿದೆ ಎಂಬುದು ಹೇಗೂ ಗೊತ್ತಿರುತ್ತದೆ.

ಊರಲ್ಲೇ ಕೆಲಸ ಸಿಕ್ಕರೆ ಹೋಗುವುದೇ ತಪ್ಪುತ್ತದೆಂಬ ಮಾತು ನಿಜ. ಜೇವರ್ಗಿ ಶಾಖಾ ಕಾಲುವೆಯ ನೀರು ಹತ್ತಿದ ಹೊಲಕ್ಕೂ ಮಳೆ ನಂಬಿದ ಹೊಲಕ್ಕೂ ಇರುವ ಅಂತರವೇ ಅದಕ್ಕೆ ಸಾಕ್ಷಿ. ಆದರೆ ಆ ದಿನ ಬರುವ ತನಕ ಹೋಗುವವರು ಹೋಗುತ್ತಲೇ ಇರುತ್ತಾರೆ. ಹಾಗಿದ್ದ ಮೇಲೆ ಹೋಗುವುದನ್ನಾದರೂ ಸಲೀಸು ಮಾಡಬೇಡವೇ?

ಈ ವಿದ್ಯೆಯ ಅರ್ಧಭಾಗವನ್ನು ಹೆಣ್ಣುಮಕ್ಕಳೇ ಹೊತ್ತು ಪೂರೈಸಿದ್ದಾರೆ. ಮೇಸ್ತ್ರಿ, ಶಾಲೆ, ಪಂಚಾಯತಿ ಮಾಡಬೇಕಾದ ಇನ್ನರ್ಧ ಬಾಕಿ ಇದೆ. ಮಿರಗದ ಮಳೆಗೆ ಮರಳಿದ ಮನೆಯಲ್ಲಿ ಕೊಡ ಒಡೆದಿಲ್ಲ, ಜೋಳ ಹುಳ ಹಿಡಿದಿಲ್ಲ ಎಂದರೆ ಸಾಗಾಟ ಗೆದ್ದಂತಲ್ಲ. ಜೂನಿನಲ್ಲಿ ಗುರುಗಳು ಹಾಜರಿ ಕರೆಯುವಾಗ ಆ ಮನೆಯ ಮಗು ತನ್ನ ಓರಗೆಯವರ ಸಾಲಿನಲ್ಲೇ ಕುಳಿತು ‘ಹಾಜರ್’ ಎನ್ನಬೇಕು. ಅಷ್ಟಾದಾಗ ಮನೆ ಪೂರ್ತಿಯಾಗಿ ಹೋಗಿ, ಪೂರ್ತಿಯಾಗಿ ಮರಳಿತು ಎನ್ನಬಹುದು.