ಮಾಳಿಗೆ ಮನೆಯಲ್ಲಿ ಕೇಳಿದ ಧ್ವನಿಸುರುಳಿಗಳು

ನಿಮ್ಮ ಮನೆಯ ಅಟ್ಟದ ಮೇಲೋ ಹಳೆಯ ಟ್ರಂಕಿನ ತಳದಲ್ಲೋ ಧ್ವನಿಸುರುಳಿಗಳ ಒಂದು ಕಟ್ಟು ಇನ್ನೂ ಉಳಿದಿರಬಹುದು. ನಮ್ಮ ಮನೆಯಲ್ಲಿ ಉಳಿದಿದೆ. ಕಳೆದ ತಿಂಗಳು ಅವನ್ನು ಒರೆಸಿ, ಸಡಿಲವಾದ ಸುರುಳಿಗಳನ್ನು ಪೆನ್ಸಿಲಿನಿಂದ ಸುತ್ತಿ, ದುರಸ್ತಿ ಮಾಡಿಸಿದ ಟೇಪ್ ರೆಕಾರ್ಡರಿನಲ್ಲಿ ಮತ್ತೆ ಕೇಳಿದೆ. ಎಂಬತ್ತರ ದಶಕದಲ್ಲಿ ನಮ್ಮ ಕಿವಿಗಳನ್ನು ತಿದ್ದಿದ ಈ ಹಾಡುಗಳು ಇಂದು ಹೇಗೆ ಕೇಳಿಸುತ್ತವೆ, ಅವು ನಮಗೆ ಏನನ್ನು ಕೊಟ್ಟವು, ನಮ್ಮಿಂದ ಏನನ್ನು ಕಿತ್ತುಕೊಂಡವು ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳುವ ಆಸೆ ನನ್ನದು.

ನನ್ನ ತಂದೆ ಶಾಲಾ ಉಪಾಧ್ಯಾಯರು. ವರ್ಗಾವಣೆಯ ಆದೇಶ ಬಂದಂತೆಲ್ಲ ನಮ್ಮ ಸಂಸಾರ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಎಂದು ಒಂದೇ ಜಿಲ್ಲೆಯ ಒಣನೆಲದಲ್ಲಿ ಸುತ್ತಿತು. ಲಾರಿಯಲ್ಲಿ ಪಾತ್ರೆಪಗಡಗಳ ನಡುವೆ, ಹಾಸಿಗೆಯಲ್ಲಿ ಸುತ್ತಿದ ಟೇಪ್ ರೆಕಾರ್ಡರೂ ನಮ್ಮೊಡನೆ ಬರುತ್ತಿತ್ತು. ಆದ್ದರಿಂದ ನನ್ನ ನೆನಪಿನಲ್ಲಿ ಒಂದೊಂದು ಧ್ವನಿಸುರುಳಿಗೂ ಒಂದೊಂದು ಊರಿದೆ.

ಅದು ಸಂಗೀತಲೋಕದಲ್ಲಿ ಎಲ್ಲೆಡೆ ಹೊಸ ಅಲೆ ಎದ್ದ ಕಾಲ. ಪಶ್ಚಿಮದ ಯುವಕರು ವಿದ್ಯುತ್ ವಾದ್ಯಗಳಲ್ಲಿ ಹೊಸ ನಾದವನ್ನು ಅರಸುತ್ತಿದ್ದಾಗ, ನಮ್ಮಲ್ಲಿ ಹೊಸತನ ಬಂದದ್ದು ಕವಿತೆಯ ಮೂಲಕ. ಪಿ. ಕಾಳಿಂಗರಾಯರು ಅದಕ್ಕೆ ಮೊದಲೇ ಕವಿಗಳ ಪದ್ಯಗಳನ್ನು ವೇದಿಕೆಗೂ ಗ್ರಾಮಫೋನ್ ತಟ್ಟೆಗೂ ತಂದಿದ್ದರು. 1981ರಲ್ಲಿ ಅವರು ತೀರಿಕೊಂಡರು. ಆದರೆ ಗ್ರಾಮಫೋನು ಉಳ್ಳವರ ಮನೆಯ ವಸ್ತು. ಫಿಲಿಪ್ಸ್ ಕಂಪನಿಯು 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ಎಂಬತ್ತರ ದಶಕದ ಹೊತ್ತಿಗೆ ಭಾರತದ ಸಣ್ಣಪುಟ್ಟ ಊರುಗಳ ಅಂಗಡಿಗಳಿಗೂ ಬಂತು. ಕಡಿಮೆ ಖರ್ಚಿನಲ್ಲಿ ಧ್ವನಿಮುದ್ರಿಸಿ ಮಾರಬಹುದಾಗಿದ್ದುದರಿಂದ ದೇಶಭಾಷೆಗಳ ಹಾಡುಗಳಿಗೆ ಒಂದು ಹೆಬ್ಬಾಗಿಲೇ ತೆರೆಯಿತು. ಓದುಬರಹ ಬಾರದ ಮನೆಗಳಿಗೂ ಕವಿಗಳು ಕಾಲಿಟ್ಟರು. ಇದು ಸಣ್ಣ ಉಪಕಾರವಲ್ಲ.

ಕೊರಟಗೆರೆಯಲ್ಲಿ ನಾವು ಕೇಳಿದ್ದು ‘ನಿತ್ಯೋತ್ಸವ’. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ಸಂಗೀತ. 1978ರಲ್ಲಿ ಬಂದ ಇದು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದೇ ಹೆಸರಾಗಿದೆ. ಇಂದು ಮತ್ತೆ ಕೇಳಿದಾಗಲೂ ಅದರ ಶೀರ್ಷಿಕೆಗೀತೆ ಎದೆಯನ್ನು ಹಿಗ್ಗಿಸುತ್ತದೆ. ಹತ್ತು ಮಕ್ಕಳು ಒಟ್ಟಿಗೆ ಹಾಡಿದರೂ ಕೆಡದಷ್ಟು ಸರಳವಾದ, ಹಬ್ಬದ ಮೆರವಣಿಗೆಯಂಥ ಧಾಟಿ ಅದು. ಆದರೂ ಈಗ ಒಂದು ಮಾತು ಹೇಳಬೇಕೆನಿಸುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಜೋಗದ ವೈಭವವನ್ನು ನಾವು ಹಾಡುತ್ತಿದ್ದಾಗ, ದೇವರಾಯನದುರ್ಗದಲ್ಲಿ ಹುಟ್ಟಿ ನಮ್ಮ ಪಕ್ಕದಲ್ಲೇ ಸಾಗುವ ಜಯಮಂಗಲಿ ಬರಿಯ ಮರಳಾಗಿ ಮಲಗಿರುತ್ತಿತ್ತು. ಕಾಣದ ನದಿಯನ್ನು ಕೊಂಡಾಡಲು ಆ ಹಾಡು ನಮಗೆ ಕಲಿಸಿತು. ಕಂಡ ನದಿಯ ಬಗ್ಗೆ ಮರುಗಲು ಕಲಿಸಲಿಲ್ಲ. ಇದು ಕವಿಯ ತಪ್ಪಲ್ಲ, ಸಂಗೀತಗಾರರ ತಪ್ಪೂ ಅಲ್ಲ. ಒಂದೇ ಹಾಡು ಇಡೀ ನಾಡಿನ ಬಾಯಲ್ಲಿ ನೆಲೆಸಿದಾಗ ಒಂದೊಂದು ಸೀಮೆಯ ದನಿಯೂ ಕೊಂಚ ಹಿಂದೆ ಸರಿಯುತ್ತದೆ.

ಮಧುಗಿರಿಯ ಏಕಶಿಲಾ ಬೆಟ್ಟದ ಬುಡದ ಬಾಡಿಗೆ ಮನೆಗೆ ಬಂದದ್ದು ‘ಮೈಸೂರ ಮಲ್ಲಿಗೆ’. ಕೆ. ಎಸ್. ನರಸಿಂಹಸ್ವಾಮಿಯವರ 1942ರ ಕವನಸಂಕಲನ, ಸಿ. ಅಶ್ವತ್ಥರ ರಾಗಸಂಯೋಜನೆ, ರತ್ನಮಾಲಾ ಪ್ರಕಾಶರ ತಿಳಿಯಾದ ಕಂಠ. ನನ್ನ ತಾಯಿ ಪುಸ್ತಕವನ್ನು ಮುಟ್ಟದೆಯೇ ಈ ಕವಿತೆಗಳನ್ನು ಕಲಿತರು. ಗಂಡಹೆಂಡಿರ ಮೆಲುಮಾತನ್ನು ಅಶ್ವತ್ಥರು ಎಲ್ಲಿಯೂ ಕೂಗಿಸಲಿಲ್ಲ. ಮಾವನ ಮನೆಗೆ ಬಂದ ರಾಯರ ಕವಿತೆಯನ್ನೇ ನೋಡಿ: ಉಪಚಾರವೆಲ್ಲ ನಡೆಯುತ್ತದೆ, ಆದರೆ ಬೇಕಾದವಳ ಮುಖವೇ ಕಾಣದು. ಆ ಕಾಯುವಿಕೆಯನ್ನು ಧಾಟಿಯೂ ಅವಸರಪಡದೆ ಕಾಯುತ್ತದೆ. ಒಳ್ಳೆಯ ರಾಗಸಂಯೋಜನೆಯೆಂದರೆ ಕವಿತೆಯನ್ನು ತಾಳ್ಮೆಯಿಂದ ಓದುವುದೇ ಅಲ್ಲವೇ?

ನನ್ನ ತಪ್ಪು ನಡೆದದ್ದೂ ಇಲ್ಲಿಯೇ. ಪಾವಗಡದ ಕಡೆಯ ಹಳ್ಳಿಯಿಂದ ಬಂದಿದ್ದ ನನ್ನ ಅಜ್ಜಿ ರಾಗಿ ಬೀಸುವಾಗ ಬಳೆಗಾರನ ಜನಪದ ಗೀತೆಯನ್ನು ಹಾಡುತ್ತಿದ್ದರು. ತವರಿಗೆ ಹೋಗಿ ಬಾ ಎಂದು ಹೆಣ್ಣುಮಗಳು ಬಳೆಗಾರನನ್ನು ಬೇಡುವ ಹಾಡು. ಅಜ್ಜಿ ಅದರಲ್ಲಿ ತಮ್ಮ ತವರೂರಿನ ಗುರುತುಗಳನ್ನೇ ಸೇರಿಸುತ್ತಿದ್ದರು: ಹುಣಸೆಮರ, ಕೆರೆಯ ಏರಿ, ತಮ್ಮಂದಿರ ಹೆಸರು. ಅದೇ ಹಾಡು ಧ್ವನಿಸುರುಳಿಯೊಂದರಲ್ಲೂ ಇತ್ತು. ಹತ್ತು ವರ್ಷದ ನಾನು, “ಅಜ್ಜಿ, ಅದು ಹಂಗಲ್ಲ, ಕ್ಯಾಸೆಟ್ಟಿನಲ್ಲಿ ಬೇರೆ ಥರ ಐತೆ” ಎಂದು ತಿದ್ದಿದೆ. ಒಮ್ಮೆಯಲ್ಲ, ಹಲವು ಸಲ. ಒಂದು ದಿನ ಅವರು ಬೀಸುವುದನ್ನು ನಿಲ್ಲಿಸಿ, “ಹಂಗಾದ್ರೆ ಆ ಪೆಟ್ಟಿಗೇನೇ ಹಾಡ್ಲಿ ಬಿಡು ಮಗ, ನಂಗ್ಯಾಕೆ” ಎಂದರು. ಆಮೇಲೆ ಅವರು ಆ ಹಾಡನ್ನು ನಮ್ಮೆದುರು ಹಾಡಿದ್ದನ್ನು ನಾನು ಕೇಳಲಿಲ್ಲ.

ಈಗ ಯೋಚಿಸಿದರೆ ಬೇರೊಂದು ವಿಷಯ ಹೊಳೆಯುತ್ತದೆ. ‘ಮೈಸೂರ ಮಲ್ಲಿಗೆ’ಯ ಬಳೆಗಾರ ಚೆನ್ನಯ್ಯ ಹೆಣ್ಣಿನ ತವರಿನಿಂದ ಗಂಡನ ಮನೆಗೆ ಸುದ್ದಿ ತರುತ್ತಾನೆ, ಅಜ್ಜಿಯ ಬಳೆಗಾರ ಗಂಡನ ಮನೆಯಿಂದ ತವರಿಗೆ ಹೋಗುತ್ತಾನೆ. ಒಂದು ಗಂಡಸಿನ ವಿರಹದ ದಾರಿ, ಇನ್ನೊಂದು ಹೆಣ್ಣಿನ ಹಂಬಲದ ದಾರಿ. ಎರಡೂ ಒಂದೇ ಮನೆಯಲ್ಲಿ ಕೂಡಿ ಬಾಳಬಹುದಿತ್ತು. ಮುದ್ರಿತವಾದದ್ದೇ ಸರಿ ಎಂದು ಹಟ ಹಿಡಿದ ನಾನು ಒಂದು ದಾರಿಯನ್ನು ಮುಚ್ಚಿದೆ.

ಶಿರಾದಲ್ಲಿ ಈ ಯಂತ್ರದ ಮಿತಿ ಇನ್ನಷ್ಟು ಸ್ಪಷ್ಟವಾಯಿತು. ಆ ಸೀಮೆಯ ಕಾಡುಗೊಲ್ಲರು ತಮ್ಮ ವೀರ ಜುಂಜಪ್ಪನ ಕಥೆಯನ್ನು ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನೊಡನೆ ಇರುಳಿಡೀ ಹಾಡುತ್ತಾರೆ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ಸಿಗುವುದು ಮೂವತ್ತೇ ನಿಮಿಷ. ಐದು ನಿಮಿಷದ ಭಾವಗೀತೆಗೆ ಅಲ್ಲಿ ಸುಖವಾಗಿ ಜಾಗವಿದೆ, ಇರುಳಿಡೀ ನಡೆಯುವ ಕಾವ್ಯಕ್ಕೆ ಇಲ್ಲ. ಆ ಯುಗದಲ್ಲಿ ಕನ್ನಡದ ಹಾಡೆಂದರೆ ಭಾವಗೀತೆಯೇ ಎಂಬ ಭಾವನೆ ಬೆಳೆದದ್ದಕ್ಕೆ ಅದರ ಸೊಗಸಿನ ಜೊತೆಗೆ ಅದರ ಅಳತೆಯೂ ಕಾರಣವೆಂದು ನನಗನ್ನಿಸುತ್ತದೆ.

ಕಡೆಯದಾಗಿ ಪಾವಗಡ. ಅಲ್ಲಿ ಅಜ್ಜಿಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ಕೇಳಿದ್ದು ಶಿಶುನಾಳ ಷರೀಫರ ಪದಗಳು. 1819ರಿಂದ 1889ರವರೆಗೆ ಬಾಳಿದ ಈ ಸಂತನ ಪದಗಳನ್ನು ನಾಡಿನ ಗಮನಕ್ಕೆ ತರುವಲ್ಲಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರ ಶ್ರಮ ದೊಡ್ಡದು. ಅವಕ್ಕೆ ಹೊಸ ಉಸಿರು ಕೊಟ್ಟವರು ಅಶ್ವತ್ಥರು. ‘ಮಲ್ಲಿಗೆ’ಯಲ್ಲಿ ಪಿಸುಗುಟ್ಟಿದ ಸಂಗೀತಗಾರ ಇಲ್ಲಿ ಬಯಲಲ್ಲಿ ನಿಂತು ಕರೆಯುವವನಂತೆ ಗಂಟಲು ಬಿಚ್ಚುತ್ತಾರೆ. ಕೆಲವೆಡೆ ವಾದ್ಯಗಳ ಅಬ್ಬರ ಪದದ ಒಗಟನ್ನು ಮುಚ್ಚುತ್ತದೆ ಎಂಬ ಆಕ್ಷೇಪ ನನಗೆ ಇಂದೂ ಇದೆ. ಆದರೆ ಮಾಳಿಗೆ ಸೋರುವ ಪದ ಬಂದಾಗ ಅಜ್ಜಿ ಕಿವಿಗೊಟ್ಟು ಕೇಳಿ, “ಇವನ್ಯಾರೋ ಮಾಳಿಗೆ ಮನೇಲಿ ಬಾಳಿದೋನೇ ಕಣೋ” ಎಂದರು. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮಾಳಿಗೆಯ ಮೇಲೆ ಕರಲು ಮಣ್ಣು ಹರಡಿಸುತ್ತಿದ್ದವರು ಅವರು. ಸೋರುವ ಸೂರು ಈ ದೇಹವೇ, ಈ ಬಾಳೇ ಎಂಬ ತತ್ತ್ವವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆ ಸಂಜೆ ಅವರು ಆ ಪದವನ್ನು ತಮ್ಮದೇ ಧಾಟಿಯಲ್ಲಿ, ಅರ್ಧ ತಪ್ಪು ನುಡಿಗಳಲ್ಲಿ ಗುನುಗಿದರು. ನಾನು ತಿದ್ದಲಿಲ್ಲ.

ಆದ್ದರಿಂದ ಈ ಧ್ವನಿಸುರುಳಿಗಳನ್ನು ತೂಗಲು ನನಗೆ ಈಗ ಒಂದೇ ಒರೆಗಲ್ಲು: ಯಂತ್ರ ನಿಂತ ಮೇಲೆ ಕೇಳಿದವರ ಬಾಯಲ್ಲಿ ಹಾಡು ಉಳಿಯಿತೇ? ಈ ಒರೆಗೆ ಷರೀಫರ ಪದಗಳು ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುತ್ತವೆ. ಅವು ಹುಟ್ಟಿದ್ದೇ ಬಾಯಿಂದ ಬಾಯಿಗೆ ಹೋಗಲು. ‘ಮೈಸೂರ ಮಲ್ಲಿಗೆ’ ಅಡಿಗೆಮನೆಯಲ್ಲಿ, ಒಬ್ಬರೇ ಇರುವಾಗ ಉಳಿಯುತ್ತದೆ. ‘ನಿತ್ಯೋತ್ಸವ’ ಸಭೆಯಲ್ಲಿ, ಎಲ್ಲರೂ ಕೂಡಿದಾಗ ಉಳಿಯುತ್ತದೆ. ಮೂರಕ್ಕೂ ಅದರದರ ಸ್ಥಾನವಿದೆ.

ಅನಂತಸ್ವಾಮಿಯವರು 1995ರಲ್ಲಿ, ಅಶ್ವತ್ಥರು 2009ರಲ್ಲಿ ನಮ್ಮನ್ನಗಲಿದರು. ನಾಡಗೀತೆಯನ್ನು ಯಾರ ಧಾಟಿಯಲ್ಲಿ ಹಾಡಬೇಕೆಂಬ ಚರ್ಚೆ ಬಹುಕಾಲ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಎರಡೂವರೆ ನಿಮಿಷದ ಅವಧಿಗೆ ನಿಗದಿಪಡಿಸಿತು. ನಾಡಿಗೆ ಒಂದೇ ಧಾಟಿ ಬೇಕಾಗಬಹುದು, ಸಭೆಗೆ ಶಿಸ್ತು ಬೇಕು. ಆದರೆ ಮನೆಗೆ ಅಂಥ ಆದೇಶ ಬೇಕಿಲ್ಲ.

ವಾಚಕರೇ, ಇಂದು ಆ ಎಲ್ಲ ಹಾಡುಗಳೂ ನಿಮ್ಮ ಕೈಯ ಮೊಬೈಲಿನಲ್ಲಿವೆ. ಮಕ್ಕಳಿಗೆ ತಪ್ಪದೆ ಕೇಳಿಸಿ. ಅವು ನಮ್ಮ ಭಾಷೆಯ ಒಳ್ಳೆಯ ಆಸ್ತಿ. ಆದರೆ ಮನೆಯ ಹಿರಿಯರು ಅದೇ ಹಾಡನ್ನು ಬೇರೆ ಧಾಟಿಯಲ್ಲಿ, ಬೇರೆ ನುಡಿಯಲ್ಲಿ ಹಾಡತೊಡಗಿದರೆ ಮೊಬೈಲನ್ನು ಕೊಂಚ ಹೊತ್ತು ಆರಿಸಿ. ಅದು ತಪ್ಪು ಹಾಡಲ್ಲ, ಎಲ್ಲಿಯೂ ಮುದ್ರಣವಾಗದ ಹಾಡು. ನನ್ನ ಅಜ್ಜಿಯ ಬಳೆಗಾರ ಯಾವ ಹುಣಸೆಮರದ ಬಳಿ ತಿರುಗಿ ಯಾವ ಕೆರೆಯೇರಿಯನ್ನು ಹತ್ತುತ್ತಿದ್ದನೆಂದು ಇಂದು ಹೇಳಬಲ್ಲವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ.